ಹಳೆಯ 100 ಸಿಸಿ ಬೈಕನ್ನು ಮನೆಯಲ್ಲೇ ವಿದ್ಯುತ್ ಬೈಕಾಗಿ ಬದಲಾಯಿಸುವುದು: ಮೋಟಾರು ಮತ್ತು ಬ್ಯಾಟರಿಯ ಆಯ್ಕೆಗೆ ಸಲಹೆ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ನಾಲ್ಕು ಗೇರಿನ, 100 ಸಿಸಿಯ ಹಳೆಯ ಬೈಕೊಂದಿದೆ. ಅದರ ಸಿಲಿಂಡರ್ ಸವೆದು ಎಂಜಿನ್ನು ಎಣ್ಣೆ ಸುಡುತ್ತಿದೆ. ಆದರೆ ಚಾಸಿಸ್, ಮುಂದಿನ ಫೋರ್ಕು, ಚಕ್ರಗಳು, ಬ್ರೇಕು ಎಲ್ಲವೂ ಗಟ್ಟಿಯಾಗಿವೆ, ತುಕ್ಕು ಎಲ್ಲಿಯೂ ಒಳಗೆ ಇಳಿದಿಲ್ಲ. ಇಷ್ಟು ಚೆನ್ನಾಗಿರುವ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸಾಗದೆ, ಎಂಜಿನ್ ಇಳಿಸಿ ವಿದ್ಯುತ್ ಮೋಟಾರು ಕೂರಿಸಬೇಕೆಂದು ನಿರ್ಧರಿಸಿದ್ದೇನೆ.

ನನ್ನ ಅಗತ್ಯ ದೊಡ್ಡದಲ್ಲ. ದಿನಕ್ಕೆ ಹೋಗಿ ಬರುವುದು ಸೇರಿ ಸುಮಾರು 40 ಕಿಲೋಮೀಟರ್ ಓಡಬೇಕು, ಗಂಟೆಗೆ 50 ಕಿಲೋಮೀಟರ್ ವೇಗ ಸಿಕ್ಕರೆ ಸಾಕು, ದಾರಿಯಲ್ಲಿರುವ ಒಂದು ಕಡಿದಾದ ಏರನ್ನು ಗಾಡಿ ಏದುಸಿರು ಬಿಡದೆ ಹತ್ತಬೇಕು. ವೆಲ್ಡಿಂಗ್ ಮತ್ತು ಡ್ರಿಲ್ಲಿಂಗ್ ಕೆಲಸ ನನಗೆ ಬರುತ್ತದೆ, ಮನೆಯ ವೈರಿಂಗನ್ನೂ ಮಾಡಿದ್ದೇನೆ, ಆದರೆ ಲಿಥಿಯಂ ಬ್ಯಾಟರಿಯನ್ನು ಈವರೆಗೆ ಮುಟ್ಟಿಲ್ಲ.

ಓದುತ್ತಾ ಹೋದಂತೆ ಗೊಂದಲ ಹೆಚ್ಚಾಗಿದೆ. ಹಿಂದಿನ ಚಕ್ರದೊಳಗೇ ಕೂರುವ ಹಬ್ ಮೋಟಾರು ಒಳ್ಳೆಯದೋ, ಎಂಜಿನ್ನಿನ ಜಾಗದಲ್ಲಿ ಕೂತು ಚೈನಿನ ಮೂಲಕ ಚಕ್ರ ತಿರುಗಿಸುವ ಮೋಟಾರು ಒಳ್ಳೆಯದೋ? ಈಗಿರುವ ಗೇರ್‌ಬಾಕ್ಸನ್ನು ಉಳಿಸಿಕೊಂಡರೆ ಏರು ಹತ್ತಲು ಅನುಕೂಲವಾಗುತ್ತದೆಯೇ? ಬ್ಯಾಟರಿ 48 ವೋಲ್ಟಿನದಿರಬೇಕೋ, 72 ವೋಲ್ಟಿನದೋ? ಎಷ್ಟು ಸಾಮರ್ಥ್ಯದ್ದು ಬೇಕೆಂದು ಲೆಕ್ಕ ಹಾಕುವುದು ಹೇಗೆ? ಈ ಕೆಲಸವನ್ನು ಕೈಯಾರೆ ಮಾಡಿದವರು ಮತ್ತು ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಿಮ್ಮ ಪ್ರಶ್ನೆಗಳ ಕ್ರಮವನ್ನು ಸ್ವಲ್ಪ ಬದಲಾಯಿಸಬೇಕು ಎನ್ನುವುದು ನನ್ನ ಮೊದಲ ಸಲಹೆ. ಹೆಚ್ಚಿನವರು ಮೋಟಾರನ್ನು ಮೊದಲು ಕೊಂಡು, ಅದಕ್ಕೆ ಹೊಂದುವ ಬ್ಯಾಟರಿಯನ್ನು ಆಮೇಲೆ ಹುಡುಕುತ್ತಾರೆ. ಗಾಡಿ ಓಡಲು ಎಷ್ಟು ಬಲ ಬೇಕು ಎನ್ನುವುದು ಗೊತ್ತಾದರೆ ಉಳಿದ ಆಯ್ಕೆಗಳಲ್ಲಿ ಅರ್ಧದಷ್ಟು ತಾವಾಗಿಯೇ ತೀರ್ಮಾನವಾಗುತ್ತವೆ, ಆ ಲೆಕ್ಕವೂ ಕಷ್ಟದ್ದಲ್ಲ.

ಬದಲಾವಣೆಯ ನಂತರ ಗಾಡಿ 115 ಕಿಲೋ, ನೀವು 75 ಕಿಲೋ, ಒಟ್ಟು 190 ಕಿಲೋ ಎಂದುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ಗಾಡಿಯನ್ನು ತಡೆಯುವವು ಎರಡು: ಟೈರಿನ ಉರುಳುವಿಕೆಯ ಪ್ರತಿರೋಧ ಮತ್ತು ಗಾಳಿಯ ಪ್ರತಿರೋಧ. ಟೈರಿನದು ಒಟ್ಟು ಭಾರದ ನೂರಕ್ಕೆ ಒಂದೂವರೆಯಷ್ಟು, ಅಂದರೆ ಸುಮಾರು 28 ನ್ಯೂಟನ್. ಇದು ವೇಗದೊಂದಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಗಾಳಿಯದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನೆಟ್ಟಗೆ ಕೂತ ಸವಾರನಿರುವ ಸಣ್ಣ ಬೈಕಿಗೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 70 ನ್ಯೂಟನ್ ಆಗುತ್ತದೆ. ಎರಡೂ ಸೇರಿ 98 ನ್ಯೂಟನ್ನಿನ ಆಸುಪಾಸು. ಅದನ್ನು ಸೆಕೆಂಡಿಗೆ 13.9 ಮೀಟರ್ ವೇಗದಿಂದ ಗುಣಿಸಿದರೆ ಚಕ್ರದ ಬಳಿ ಬೇಕಾಗುವ ಶಕ್ತಿ ಸುಮಾರು 1,350 ವ್ಯಾಟ್. ಮೋಟಾರು, ಅದಕ್ಕೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರ್, ಚೈನು ಇವುಗಳಲ್ಲಿ ಸೋರಿಹೋಗುವುದನ್ನು ಸೇರಿಸಿ ಒಟ್ಟು ದಕ್ಷತೆಯನ್ನು ಶೇ. 80 ಎಂದು ಹಿಡಿದರೆ ಬ್ಯಾಟರಿಯಿಂದ 1,700 ವ್ಯಾಟ್ ಎಳೆಯಬೇಕಾಗುತ್ತದೆ. ಅಂದರೆ ಕಿಲೋಮೀಟರಿಗೆ 34 ವ್ಯಾಟ್-ಅವರ್ (ಒಂದು ವ್ಯಾಟನ್ನು ಒಂದು ಗಂಟೆ ಎಳೆದರೆ ಖರ್ಚಾಗುವುದು ಒಂದು ವ್ಯಾಟ್-ಅವರ್).

ಇದೇ ಗಾಡಿಯನ್ನು 70ರ ವೇಗದಲ್ಲಿ ಓಡಿಸಿದರೆ ಸುಮಾರು 4,000 ವ್ಯಾಟ್, ಕಿಲೋಮೀಟರಿಗೆ 57 ವ್ಯಾಟ್-ಅವರ್ ಬೇಕಾಗುತ್ತದೆ. 20 ಕಿಲೋಮೀಟರ್ ವೇಗ ಹೆಚ್ಚಾದದ್ದಕ್ಕೆ ಶಕ್ತಿಯ ಬೇಡಿಕೆ ಎರಡು ಪಟ್ಟಿಗೂ ಮೀರಿತು ಎನ್ನುವುದನ್ನು ಗಮನಿಸಿ. ಆದ್ದರಿಂದಲೇ "50 ಸಾಕು" ಎಂದು ನೀವು ಮೊದಲೇ ಹೇಳಿರುವುದು ಈ ಯೋಜನೆಯಲ್ಲಿ ನಿಮ್ಮ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ನಿರ್ಧಾರವೆಂದು ನಾನು ಭಾವಿಸುತ್ತೇನೆ. ಕೆಲಸದ ನಡುವೆ ಅದನ್ನು ಸಡಿಲಿಸಬೇಡಿ.

ನಿಂತು ಹೊರಡುವುದಕ್ಕೂ ಲೆಕ್ಕವಿದೆ. 190 ಕಿಲೋ ತೂಕವನ್ನು ನಿಂತ ಸ್ಥಿತಿಯಿಂದ 50ರ ವೇಗಕ್ಕೆ ತರಲು ಚಲನಶಕ್ತಿಯಾಗಿ 5 ವ್ಯಾಟ್-ಅವರ್, ಬ್ಯಾಟರಿಯಿಂದ ಸುಮಾರು 6 ವ್ಯಾಟ್-ಅವರ್ ಖರ್ಚಾಗುತ್ತದೆ. ಕಿಲೋಮೀಟರಿಗೊಮ್ಮೆ ನಿಲ್ಲಬೇಕಾದ ದಾರಿಯಾದರೆ ಸರಾಸರಿಯನ್ನು 40 ಎಂದು ಹಿಡಿಯುವುದು ಸುರಕ್ಷಿತ. 40 ಕಿಲೋಮೀಟರಿಗೆ 1,600 ವ್ಯಾಟ್-ಅವರ್ ಆಯಿತು. ಬ್ಯಾಟರಿಯನ್ನು ದಿನವೂ ಪೂರ್ತಿ ಬರಿದು ಮಾಡದೆ ಶೇ. 80ರಷ್ಟನ್ನು ಮಾತ್ರ ಬಳಸುವುದಾದರೆ 2,000 ಬೇಕು. ವರ್ಷಗಳು ಕಳೆದಂತೆ ಸಾಮರ್ಥ್ಯ ಐದನೇ ಒಂದು ಭಾಗ ಕುಗ್ಗಿದ ಮೇಲೂ ಇದೇ ದೂರ ಸಿಗಬೇಕಾದರೆ 2,500 ಬೇಕು. ನಿಮ್ಮ ಬ್ಯಾಟರಿಯ ಗಾತ್ರ ಅಲ್ಲಿಗೆ ನಿರ್ಧಾರವಾಯಿತು.

ಇನ್ನು ಏರಿನ ವಿಷಯ. ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಗುರುತ್ವವೊಂದೇ 186 ನ್ಯೂಟನ್ನಿನಷ್ಟು ಹಿಂದಕ್ಕೆ ಎಳೆಯುತ್ತದೆ. ಆ ಏರನ್ನು 30ರ ವೇಗದಲ್ಲಿ ಹತ್ತಲು ಬ್ಯಾಟರಿಯಿಂದ ಸುಮಾರು 2,500 ವ್ಯಾಟ್ ಬೇಕು. ಹಿಂದೆ 60 ಕಿಲೋ ತೂಕದ ಇನ್ನೊಬ್ಬರು ಕೂತಿದ್ದರೆ 3,200. ಹೀಗಾಗಿ ಸತತವಾಗಿ 3 ಕಿಲೋವ್ಯಾಟ್ ಕೊಡಬಲ್ಲ, ಸ್ವಲ್ಪ ಹೊತ್ತಿನ ಮಟ್ಟಿಗೆ 5 ಕಿಲೋವ್ಯಾಟ್ ತಡೆದುಕೊಳ್ಳಬಲ್ಲ ಮೋಟಾರು ನಿಮಗೆ ಸರಿಯಾದದ್ದು. ಕೊಳ್ಳುವಾಗ ಮೋಟಾರಿನ ಮೇಲೆ ಬರೆದಿರುವ ಅಂಕಿ ಸತತ ಸಾಮರ್ಥ್ಯದ್ದೋ ಗರಿಷ್ಠ ಸಾಮರ್ಥ್ಯದ್ದೋ ಎಂದು ತಪ್ಪದೆ ಕೇಳಿ; ಎರಡರ ನಡುವಿನ ವ್ಯತ್ಯಾಸ ಏರಿನ ಅರ್ಧ ದಾರಿಯಲ್ಲಿ ತಿಳಿಯುವಂತಾಗಬಾರದು.

ಉತ್ತರ 2

ಮೇಲಿನವರು ಕೊಟ್ಟ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ಯಾಂತ್ರಿಕ ಭಾಗದ ಬಗ್ಗೆ ಬರೆಯುತ್ತೇನೆ.

ಹಬ್ ಮೋಟಾರಿನಲ್ಲಿ ಚೈನಿಲ್ಲ, ಸದ್ದಿಲ್ಲ, ಕೂರಿಸುವುದು ಸುಲಭ. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಓಡಾಡುವವರಿಗೆ ಅದು ಒಳ್ಳೆಯ ಆಯ್ಕೆಯೇ. ನಿಮ್ಮ ದಾರಿಯಲ್ಲಿ ಏರಿರುವುದರಿಂದ ನಾನು ಅದನ್ನು ಸೂಚಿಸುವುದಿಲ್ಲ. ಹಬ್ ಮೋಟಾರು ಚಕ್ರದಷ್ಟೇ ವೇಗದಲ್ಲಿ ತಿರುಗುತ್ತದೆ. ಏರಿನಲ್ಲಿ ನಿಧಾನವಾಗಿ, ಹೆಚ್ಚು ಕರೆಂಟಿನಲ್ಲಿ ತಿರುಗುವಾಗ ಅದರ ದಕ್ಷತೆ ಕುಸಿದು ಸುರುಳಿಗಳು ಕಾಯುತ್ತವೆ, ಸುರುಳಿಗಳಿರುವ ಭಾಗ ಒಳಗೆ ಮುಚ್ಚಿಹೋಗಿರುವುದರಿಂದ ಆ ಕಾವು ಹೊರಬರಲು ದಾರಿ ಕಡಿಮೆ. ಮೇಲಾಗಿ ಮೋಟಾರಿನ ಭಾರವೆಲ್ಲ ಸಸ್ಪೆನ್ಷನ್ನಿನ ಕೆಳಗೆ, ಚಕ್ರದಲ್ಲೇ ಉಳಿಯುವುದರಿಂದ ಗುಂಡಿ ಬಿದ್ದ ರಸ್ತೆಯಲ್ಲಿ ಹಿಂಬದಿ ಕುಟ್ಟುತ್ತದೆ. ಹಬ್ ಮೋಟಾರಿನ ಆಕ್ಸಲ್ ತಿರುಗದೆ ನಿಲ್ಲಬೇಕು. ಅದನ್ನು ಹಿಡಿದಿಡುವ ಟಾರ್ಕ್ ಆರ್ಮ್ ದುರ್ಬಲವಾಗಿದ್ದರೆ ಆಕ್ಸಲ್ಲೇ ತಿರುಚಿಕೊಂಡು ವೈರುಗಳನ್ನು ಕತ್ತರಿಸಿಬಿಡುತ್ತದೆ.

ಎಂಜಿನ್ನಿನ ಜಾಗದಲ್ಲಿ ಕೂರುವ ಮೋಟಾರಿಗೆ ಈ ತೊಂದರೆಗಳಿಲ್ಲ, ಅದಕ್ಕೆ ಬೇಕಾದದ್ದು ಸರಿಯಾದ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ಅನುಪಾತ. ನಿಮ್ಮ ಹಿಂದಿನ ಚಕ್ರದ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ. ಇಂಥ ಬೈಕುಗಳಲ್ಲಿ ಅದು 1.85 ಮೀಟರಿನ ಆಸುಪಾಸಿನಲ್ಲಿರುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1,000 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ 540 ಸುತ್ತು. ಮೋಟಾರು ನಿಮ್ಮ ಬ್ಯಾಟರಿಯ ವೋಲ್ಟೇಜಿನಲ್ಲಿ 3,000 ಸುತ್ತು ತಿರುಗುವುದಾದರೆ ಐದೂವರೆಗೆ ಒಂದರ ಅನುಪಾತ ಬೇಕು. ಈಗಿರುವ 14 ಮತ್ತು 42 ಹಲ್ಲಿನಂಥ ಜೋಡಿ ಕೊಡುವುದು ಮೂರಕ್ಕೆ ಒಂದು ಮಾತ್ರ, ಅದು ಸಾಲದು. ಮುಂದೆ 11 ಹಲ್ಲು, ಹಿಂದೆ 60 ಹಲ್ಲು ಹಾಕಬಹುದು. 428 ಎಂಬ ಅಳತೆಯ ಚೈನಿಗೆ 60 ಹಲ್ಲಿನ ಸ್ಪ್ರಾಕೆಟ್ ಸುಮಾರು 24 ಸೆಂಟಿಮೀಟರ್ ವ್ಯಾಸದ್ದಾಗುತ್ತದೆ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೂ ಚೈನ್ ಕವರಿಗೂ ತಾಗುವುದಿಲ್ಲವೆಂದು ಮೊದಲೇ ರಟ್ಟಿನ ಚಕ್ರ ಕತ್ತರಿಸಿ ಇಟ್ಟು ನೋಡಿ. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಹಲ್ಲು ಕಡಿಮೆಯಾದಷ್ಟೂ ಚೈನು ಹೆಚ್ಚು ಮಡಚಿಕೊಳ್ಳುತ್ತದೆ, ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ಅದು ಬೇಡವೆನಿಸಿದರೆ ನಡುವೆ ಒಂದು ಶಾಫ್ಟ್ ಹಾಕಿ ಎರಡು ಹಂತಗಳಲ್ಲಿ ವೇಗ ಇಳಿಸಬಹುದು, ಅಥವಾ ಒಳಗೇ ಗೇರು ಇರುವ ಮೋಟಾರನ್ನು ಆರಿಸಿಕೊಳ್ಳಬಹುದು.

ಐದೂವರೆ ಅನುಪಾತದಲ್ಲಿ ಮೋಟಾರು ಗರಿಷ್ಠ 25 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ ಚೈನಿನ ನಷ್ಟ ಕಳೆದು ಚಕ್ರದ ಅಂಚಿನಲ್ಲಿ 440 ನ್ಯೂಟನ್ನಿನಷ್ಟು ಬಲ ಸಿಗುತ್ತದೆ. ಆ ಏರಿಗೆ ಒಬ್ಬರೇ ಇದ್ದಾಗ ಬೇಕಾಗುವುದು 240, ಇಬ್ಬರಿದ್ದಾಗ 310ರ ಹತ್ತಿರ. ಹೀಗಾಗಿ ಗೇರ್‌ಬಾಕ್ಸನ್ನು ಉಳಿಸಿಕೊಳ್ಳಲು ಕಾರಣವೇ ಇಲ್ಲ. ಎಂಜಿನ್ನಿಗೆ ಗೇರು ಬೇಕಾಗಿರುವುದು ಅದು ಕಡಿಮೆ ವೇಗದಲ್ಲಿ ಬಲ ಕೊಡಲಾರದು ಎನ್ನುವ ಕಾರಣಕ್ಕೆ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡುತ್ತದೆ. ಗೇರ್‌ಬಾಕ್ಸು ಉಳಿಸಿದರೆ ಅದರ ಭಾರವನ್ನೂ, ಎಣ್ಣೆಯ ಎಳೆತವನ್ನೂ, ಹಲ್ಲುಗಳ ನಷ್ಟವನ್ನೂ ಹೊತ್ತುಕೊಂಡು ಓಡಬೇಕಾಗುತ್ತದೆ, ಬ್ಯಾಟರಿಗೆ ಬೇಕಾದ ಜಾಗವೂ ಅದರ ಪಾಲಾಗುತ್ತದೆ.

ಎಂಜಿನ್ ಇಳಿಸುವ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ಕೆಲವು ಬೈಕುಗಳಲ್ಲಿ ಚಾಸಿಸ್ಸಿನ ಕೆಳಭಾಗ ತೆರೆದಿದ್ದು, ಎಂಜಿನ್ನೇ ಮುಂದಿನ ಕೊಳವೆಯನ್ನೂ ಸ್ವಿಂಗ್ ಆರ್ಮಿನ ಭಾಗವನ್ನೂ ಬೆಸೆದು ಹಿಡಿದಿರುತ್ತದೆ. ಅಂಥ ಬೈಕಿನಿಂದ ಎಂಜಿನ್ ತೆಗೆದು ತೆಳುವಾದ ತಗಡಿನ ಮೇಲೆ ಮೋಟಾರು ಕೂರಿಸಿದರೆ ಗಾಡಿ ತಿರುವಿನಲ್ಲಿ ನುಲಿಯುತ್ತದೆ. ನಿಮ್ಮದು ಆ ಬಗೆಯದಾದರೆ ಎಂಜಿನ್ನಿನ ಹಳೆಯ ಬೋಲ್ಟ್ ತೂತುಗಳನ್ನೆಲ್ಲ ಜೋಡಿಸುವಂತೆ ಎರಡೂ ಬದಿಗೆ ದಪ್ಪ ಪ್ಲೇಟು ಕೊಟ್ಟು, ಮೋಟಾರನ್ನೂ ಬ್ಯಾಟರಿ ಪೆಟ್ಟಿಗೆಯನ್ನೂ ಅವುಗಳ ನಡುವೆ ಕೂರಿಸಿ. ವೆಲ್ಡಿಂಗ್ ಬರುತ್ತದೆಂದು ಹೇಳಿದ್ದೀರಿ. ಆದರೂ ಮೂಲ ಚಾಸಿಸ್ಸಿನ ಮೇಲೆ ವೆಲ್ಡ್ ಮಾಡಬೇಡಿ, ಇರುವ ತೂತುಗಳಿಗೇ ಬೋಲ್ಟ್ ಹಾಕಿ. ವೆಲ್ಡಿನ ಪಕ್ಕದಲ್ಲಿ ಕಾದ ಕೊಳವೆ ವರ್ಷಗಳ ನಂತರ ಬಿರುಕು ಬಿಡುವ ಸಾಧ್ಯತೆಯಿದೆ, ಮುಂದೆ ತಪಾಸಣೆಗೆ ಹೋದಾಗಲೂ ಅದು ಪ್ರಶ್ನೆಯಾಗುತ್ತದೆ.

ತೂಕವನ್ನು ಅಳೆಯುವುದು ಮರೆಯಬೇಡಿ. ಎಂಜಿನ್ ಇದ್ದಾಗ ಮುಂದಿನ ಚಕ್ರದ ಮೇಲೆ ಎಷ್ಟು, ಹಿಂದಿನದರ ಮೇಲೆ ಎಷ್ಟು ಎಂದು ತೂಕದ ಯಂತ್ರದಲ್ಲಿ ನೋಡಿ ಬರೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಅದಕ್ಕೆ ಹತ್ತಿರವಾಗುವಂತೆ ಬ್ಯಾಟರಿಯ ಜಾಗ ಹೊಂದಿಸಿ. ಬ್ಯಾಟರಿಯನ್ನು ಪೆಟ್ರೋಲ್ ಟ್ಯಾಂಕಿನ ಎತ್ತರದಲ್ಲಿಟ್ಟರೆ ನಿಲ್ಲಿಸುವಾಗಲೆಲ್ಲ ಗಾಡಿ ಪಕ್ಕಕ್ಕೆ ವಾಲುತ್ತದೆ. ಆದಷ್ಟು ಕೆಳಗೆ, ಎಂಜಿನ್ನಿನ ಜಾಗದಲ್ಲೇ ಇಡಿ.

ಉತ್ತರ 3

ವೋಲ್ಟೇಜಿನ ಬಗ್ಗೆ ಯಾರೂ ಹೇಳದಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. 48 ವೋಲ್ಟ್ ವರ್ಗದಲ್ಲೇ ಇರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಸೆಲ್ಲಿನ ಸಾಮಾನ್ಯ ವೋಲ್ಟೇಜು 3.2, ಪೂರ್ತಿ ಚಾರ್ಜ್ ಆದಾಗ 3.65. ಇಂಥ 16 ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದರೆ 51.2 ವೋಲ್ಟ್, ಪೂರ್ತಿ ಚಾರ್ಜಿನಲ್ಲಿ 58.4 ವೋಲ್ಟ್ ಆಗುತ್ತದೆ. 24 ಸೆಲ್ ಜೋಡಿಸಿದ 72 ವೋಲ್ಟ್ ವರ್ಗದ ಬ್ಯಾಟರಿ ಪೂರ್ತಿ ಚಾರ್ಜಿನಲ್ಲಿ 87.6 ತಲುಪುತ್ತದೆ. ಅನೇಕ ಸುರಕ್ಷತಾ ಮಾನದಂಡಗಳು ನೇರ ವಿದ್ಯುತ್ತಿಗೆ (ಡಿಸಿ) 60 ವೋಲ್ಟನ್ನು ಗಡಿಯಾಗಿ ಇಟ್ಟುಕೊಂಡಿವೆ. ಅದರ ಮೇಲೆ ಹೋದರೆ ಮನುಷ್ಯನ ದೇಹಕ್ಕೆ ಅಪಾಯವಿದೆಯೆಂದು ಭಾವಿಸಿ ನಿಯಮಗಳು ಬಿಗಿಯಾಗುತ್ತವೆ. 16 ಸೆಲ್ಲಿನ ಬ್ಯಾಟರಿ ಆ ಗಡಿಯೊಳಗೇ ನಿಲ್ಲುತ್ತದೆ. ಮೊದಲ ಬಾರಿ ಲಿಥಿಯಂ ಬ್ಯಾಟರಿ ಮುಟ್ಟುವವರಿಗೆ, ಅದೂ ಮನೆಯಲ್ಲಿ ಕೆಲಸ ಮಾಡುವವರಿಗೆ, ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. 72 ವೋಲ್ಟಿನಲ್ಲಿ ಕರೆಂಟು ಕಡಿಮೆಯಾಗುತ್ತದೆ, ವೈರು ತೆಳುವಾಗಬಹುದು, ವೇಗ ಹೆಚ್ಚು ಸಿಗುತ್ತದೆ, ಎಲ್ಲವೂ ನಿಜ. ಆದರೆ 5 ಕಿಲೋವ್ಯಾಟ್ ಗರಿಷ್ಠ ಶಕ್ತಿಗೆ 51.2 ವೋಲ್ಟಿನಲ್ಲಿ ಬೇಕಾಗುವ ಕರೆಂಟು ಸುಮಾರು 100 ಆಂಪಿಯರ್, ಅದನ್ನು 25 ಚದರ ಮಿಲಿಮೀಟರಿನ ತಾಮ್ರದ ವೈರು ನಿಶ್ಚಿಂತೆಯಿಂದ ಹೊರುತ್ತದೆ.

16 ಸೆಲ್, ಒಂದೊಂದೂ 50 ಆಂಪಿಯರ್-ಅವರ್ ಆದರೆ 2,560 ವ್ಯಾಟ್-ಅವರ್ ಆಯಿತು, ಮೊದಲ ಉತ್ತರದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಇದೆ. ಸೌರ ವಿದ್ಯುತ್ ಸಂಗ್ರಹಕ್ಕೆಂದು ಮಾಡಿದ ಎಷ್ಟೋ ಸೆಲ್ಲುಗಳು ತಮ್ಮ ಸಾಮರ್ಥ್ಯದಷ್ಟೇ ಕರೆಂಟನ್ನು, ಅಂದರೆ 50 ಆಂಪಿಯರ್-ಅವರ್ ಸೆಲ್ಲಾದರೆ 50 ಆಂಪಿಯರನ್ನು ಮಾತ್ರ ಸತತವಾಗಿ ಕೊಡಬಲ್ಲವು. ನಿಮಗೆ 100 ಬೇಕಾಗುವುದರಿಂದ ತನ್ನ ಸಾಮರ್ಥ್ಯದ ಎರಡು ಪಟ್ಟು ಕರೆಂಟು ಕೊಡಬಲ್ಲ ಸೆಲ್ಲೆಂದು ತಯಾರಕರ ವಿವರಪತ್ರದಲ್ಲಿ ನೋಡಿಯೇ ಕೊಳ್ಳಿ. ನಿಕಲ್ ಮ್ಯಾಂಗನೀಸ್ ಕೋಬಾಲ್ಟ್ ಬಗೆಯ ಸೆಲ್ಲುಗಳು ಅದೇ ತೂಕದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತವೆ, ಆದರೆ ಅತಿಯಾಗಿ ಕಾದಾಗ ಎಲ್‌ಎಫ್‌ಪಿಗಿಂತ ಕಡಿಮೆ ಉಷ್ಣತೆಯಲ್ಲೇ ನಿಯಂತ್ರಣ ತಪ್ಪಿ ಉರಿಯತೊಡಗುತ್ತವೆ. ಐದಾರು ಕಿಲೋ ಉಳಿಸುವುದಕ್ಕಾಗಿ ಮನೆಯೊಳಗೆ ಆ ಅಪಾಯ ತಂದುಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಎಲ್‌ಎಫ್‌ಪಿಯೂ ಪೂರ್ತಿ ನಿರಪಾಯಕಾರಿಯಲ್ಲ. ಕೆಟ್ಟಾಗ ಅದು ಹೊರಬಿಡುವ ಅನಿಲವೂ ಉರಿಯುವಂಥದ್ದೇ.

ಸೆಲ್ಲುಗಳನ್ನು ಜೋಡಿಸುವ ಮೊದಲು ಕೈಗಡಿಯಾರ, ಉಂಗುರ, ಸರ ಎಲ್ಲವನ್ನೂ ತೆಗೆದಿಡಿ, ಕಣ್ಣಿಗೆ ಕನ್ನಡಕ ಹಾಕಿ, ಸ್ಪ್ಯಾನರಿನ ಹಿಡಿಗೆಲ್ಲ ಇನ್ಸುಲೇಶನ್ ಟೇಪು ಸುತ್ತಿ. 51 ವೋಲ್ಟು ಮೈಗೆ ಜೋರಾಗಿ ಹೊಡೆಯದಿರಬಹುದು, ಆದರೆ ಸ್ಪ್ಯಾನರೊಂದು ಎರಡು ತುದಿಗಳ ಮೇಲೆ ಅಡ್ಡ ಬಿದ್ದರೆ ಸಾವಿರಾರು ಆಂಪಿಯರ್ ಹರಿದು ಲೋಹವೇ ಕರಗಿ ಸಿಡಿಯುತ್ತದೆ. ಎಂಟೆಂಟು ಸೆಲ್ಲುಗಳ ಎರಡು ಭಾಗಗಳನ್ನು ಬೇರೆಬೇರೆಯಾಗಿ ಮುಗಿಸಿ, ಎರಡನ್ನೂ ಬೆಸೆಯುವ ಪಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ಸೆಲ್ಲುಗಳ ನಡುವೆ ಇನ್ಸುಲೇಶನ್ ಹಾಳೆ ಇರಲಿ. ಲೋಹದ ಪೆಟ್ಟಿಗೆಗೂ ಸೆಲ್ಲಿಗೂ ನಡುವೆ ಫೈಬರ್ ಗ್ಲಾಸ್ ಹಾಳೆ ಇರಲಿ. ಪಟ್ಟಿಗಳು ಗಡುಸಾದವಾಗಿದ್ದರೆ ಗಾಡಿಯ ಅದುರಿಗೆ ಸೆಲ್ಲಿನ ತುದಿಗಳು ಸಡಿಲವಾಗುತ್ತವೆ, ಆದ್ದರಿಂದ ಬಾಗಬಲ್ಲ ಪಟ್ಟಿಗಳನ್ನು ಬಳಸಿ, ತಯಾರಕರು ಹೇಳಿದ ಟಾರ್ಕಿಗೇ ಬಿಗಿಯಿರಿ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಚಾಸಿಸ್ ಪರೀಕ್ಷಿಸಿದೆ, ನನ್ನ ಬೈಕಿನಲ್ಲಿ ಎಂಜಿನ್ನಿನ ಕೆಳಗೂ ಕೊಳವೆ ಸುತ್ತಿ ಬಂದಿದೆ, ಅಂದರೆ ಎಂಜಿನ್ ಇಲ್ಲದೆಯೂ ಚೌಕಟ್ಟು ತಾನಾಗಿ ನಿಲ್ಲುತ್ತದೆ. 48 ವೋಲ್ಟು, ಚೈನಿನ ಮೋಟಾರು, 16 ಎಲ್‌ಎಫ್‌ಪಿ ಸೆಲ್ಲು ಎಂದು ತೀರ್ಮಾನಿಸಿದ್ದೇನೆ.

ಇನ್ನೆರಡು ಸಂದೇಹಗಳಿವೆ. ಹಳೆಯ ವಿದ್ಯುತ್ ವಾಹನಗಳಿಂದ ತೆಗೆದ ಸೆಲ್ಲುಗಳು ಸಿಗುತ್ತವೆ, ಅವನ್ನು ಬಳಸಬಹುದೇ? ಬಿಎಂಎಸ್, ಅಂದರೆ ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟು, ಹೇಗೂ ಕರೆಂಟು ಹೆಚ್ಚಾದಾಗ ಕಡಿದು ಹಾಕುತ್ತದೆ ಎನ್ನುತ್ತಾರೆ; ಹಾಗಿದ್ದರೆ ಪ್ರತ್ಯೇಕವಾಗಿ ಫ್ಯೂಸು, ಕಾಂಟ್ಯಾಕ್ಟರ್ (ಕಾಯಿಲಿನಿಂದ ಕೆಲಸ ಮಾಡುವ ದೊಡ್ಡ ಸ್ವಿಚ್ಚು) ಹಾಕುವ ಅಗತ್ಯವಿದೆಯೇ?

ಉತ್ತರ 3ನ್ನು ಬರೆದವರಿಂದ

ಹಳೆಯ ಸೆಲ್ಲುಗಳನ್ನು ಬಳಸಬಹುದು, ಆದರೆ ಒಂದೊಂದನ್ನೂ ಪೂರ್ತಿ ಚಾರ್ಜ್ ಮಾಡಿ, ಪೂರ್ತಿ ಇಳಿಸಿ, ನಿಜವಾದ ಸಾಮರ್ಥ್ಯವನ್ನೂ ಒಳಪ್ರತಿರೋಧವನ್ನೂ ಅಳೆದು, ಒಂದಕ್ಕೊಂದು ಹತ್ತಿರವಿರುವವನ್ನು ಮಾತ್ರ ಸೇರಿಸಬೇಕು. ಸರಣಿಯಲ್ಲಿ ಅತ್ಯಂತ ದುರ್ಬಲವಾದ ಸೆಲ್ಲು ಎಷ್ಟು ಕೊಡುತ್ತದೆಯೋ ಇಡೀ ಬ್ಯಾಟರಿ ಕೊಡುವುದೂ ಅಷ್ಟೇ. ಉಬ್ಬಿರುವ ಸೆಲ್ಲನ್ನೂ, 2 ವೋಲ್ಟಿಗಿಂತ ಕೆಳಗೆ ಇಳಿದು ಬಹುಕಾಲ ಬಿದ್ದಿದ್ದ ಸೆಲ್ಲನ್ನೂ ಮುಟ್ಟಲೇಬೇಡಿ. ಅಂಥ ಸೆಲ್ಲಿನೊಳಗೆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡಿದಾಗ ಒಳಗೇ ಶಾರ್ಟ್ ಆಗುವ ಅಪಾಯವಿದೆ. ಮೊದಲ ಯೋಜನೆಗೆ ಹೊಸ ಸೆಲ್ಲೇ ಆಗಲಿ ಎಂದು ಕೇಳಿಕೊಳ್ಳುತ್ತೇನೆ.

ಎರಡನೆಯ ಪ್ರಶ್ನೆ ಕೇಳಿದ್ದು ತುಂಬ ಒಳ್ಳೆಯದಾಯಿತು. ನನ್ನ ಮಟ್ಟಿಗೆ ಈ ಇಡೀ ಕೆಲಸದ ತಿರುಳೇ ಅದು. ಗಾಡಿಯನ್ನು ಓಡಿಸುವ ಮಾರ್ಗವನ್ನು ಎಲ್ಲರೂ ಯೋಚಿಸುತ್ತಾರೆ, ವಿದ್ಯುತ್ತನ್ನು ಕಡಿಯುವ ಮಾರ್ಗವನ್ನು ಅದಕ್ಕಿಂತ ಮೊದಲು ಯೋಚಿಸಬೇಕು. ಬಿಎಂಎಸ್ ಕರೆಂಟನ್ನು ಕಡಿಯುವುದು ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರುಗಳ ಮೂಲಕ. ಅವು ಸುಟ್ಟುಹೋದಾಗ ಹೆಚ್ಚಿನ ಸಂದರ್ಭಗಳಲ್ಲಿ ತೆರೆದುಕೊಳ್ಳುವುದಿಲ್ಲ, ಒಳಗೇ ಬೆಸೆದುಕೊಂಡು ಕರೆಂಟು ಹರಿಯುತ್ತಲೇ ಇರುವಂತೆ ಮಾಡುತ್ತವೆ. ಕಡಿಯಬೇಕಾದ ಹೊತ್ತಿನಲ್ಲಿ ಕಡಿಯಲಾರದ ಸಾಧನವನ್ನು ಒಂಟಿಯಾಗಿ ನೆಚ್ಚಿಕೊಳ್ಳಬಾರದು.

ಆದ್ದರಿಂದ ಬ್ಯಾಟರಿಯ ಧನ ತುದಿಯಿಂದ ಹೊರಟ ವೈರು ಮೊಟ್ಟಮೊದಲು ಫ್ಯೂಸನ್ನು ತಲುಪಬೇಕು, ಆ ಫ್ಯೂಸು ಬ್ಯಾಟರಿ ಪೆಟ್ಟಿಗೆಯೊಳಗೇ ಇರಬೇಕು. ಫ್ಯೂಸಿನ ಮೇಲೆ ನೇರ ವಿದ್ಯುತ್ತಿಗೆ ಎಷ್ಟು ವೋಲ್ಟ್ ಎಂದು ಬರೆದಿದೆಯೋ ಅದು 58.4ಕ್ಕಿಂತ ಸಾಕಷ್ಟು ಮೇಲಿರಬೇಕು. ಮನೆಯ ವೈರಿಂಗಿನ ಪರ್ಯಾಯ ವಿದ್ಯುತ್ತು (ಎಸಿ) ಸೆಕೆಂಡಿಗೆ ಕನಿಷ್ಠ ನೂರು ಬಾರಿ ಸೊನ್ನೆಯನ್ನು ಹಾಯ್ದು ಹೋಗುವುದರಿಂದ ಅಲ್ಲಿ ಕಿಡಿ ತಾನಾಗಿ ಆರುತ್ತದೆ. ನೇರ ವಿದ್ಯುತ್ತಿನಲ್ಲಿ ಆ ಬಿಡುವೇ ಇಲ್ಲದೆ ಕಿಡಿ ಉರಿಯುತ್ತಲೇ ಇರುತ್ತದೆ. ಅದೇ ಕಾರಣಕ್ಕೆ ಮನೆಯ ಎಂಸಿಬಿಯನ್ನು ತಂದು ಇಲ್ಲಿ ಹಾಕುವುದು ತಪ್ಪು. ಕಂಟ್ರೋಲರಿನಲ್ಲಿ ಬ್ಯಾಟರಿ ಕರೆಂಟನ್ನು 100 ಆಂಪಿಯರಿಗೆ ಮಿತಿಗೊಳಿಸಿದರೆ 125 ಆಂಪಿಯರಿನ ಫ್ಯೂಸು ಹೊಂದುತ್ತದೆ.

ಫ್ಯೂಸಿನ ನಂತರ ಕೈಯಿಂದ ತೆಗೆಯಬಲ್ಲ ಒಂದು ಸ್ವಿಚ್ಚು, ಆಮೇಲೆ ಕಾಂಟ್ಯಾಕ್ಟರ್. ಕೀಲಿ, ಹ್ಯಾಂಡಲಿನ ಕೆಂಪು ಕಿಲ್ ಸ್ವಿಚ್ಚು ಇವೆರಡೂ ಕಾಂಟ್ಯಾಕ್ಟರಿನ ಕಾಯಿಲಿಗೆ ಹೋಗುವ ವೈರಿನಲ್ಲೇ ಸರಣಿಯಾಗಿರಲಿ. ಒಂದನ್ನು ಒತ್ತಿದರೂ ಮುಖ್ಯ ಕರೆಂಟು ನಿಜವಾಗಿ ಕಡಿಯಬೇಕು. ಕಂಟ್ರೋಲರಿನ ಒಳಗೆ ದೊಡ್ಡ ಕೆಪ್ಯಾಸಿಟರುಗಳಿರುವುದರಿಂದ ಬ್ಯಾಟರಿಯನ್ನು ನೇರವಾಗಿ ತಾಗಿಸಿದರೆ ಜೋರಾದ ಕಿಡಿ ಬಂದು ಕಾಂಟ್ಯಾಕ್ಟರಿನ ಮುಖಗಳು ಅಂಟಿಕೊಳ್ಳಬಹುದು. ಇದನ್ನು ತಪ್ಪಿಸಲು 100 ಓಮ್‌ನ ರೆಸಿಸ್ಟರ್ ಒಂದನ್ನು ಕಾಂಟ್ಯಾಕ್ಟರಿಗೆ ಸಮಾಂತರವಾಗಿ ಕೊಟ್ಟು, ಮೊದಲು ಅದರ ಮೂಲಕ ಒಂದೆರಡು ಸೆಕೆಂಡು ಕೆಪ್ಯಾಸಿಟರುಗಳನ್ನು ತುಂಬಿಸಿ, ಅನಂತರ ಕಾಂಟ್ಯಾಕ್ಟರ್ ಮುಚ್ಚುವಂತೆ ಮಾಡಬೇಕು. ಆ ರೆಸಿಸ್ಟರಿನ ದಾರಿಗೂ ಅದರದೇ ಸ್ವಿಚ್ಚಿರಲಿ, ಕಿಲ್ ಸ್ವಿಚ್ಚು ಒತ್ತಿದಾಗ ಅದೂ ಕಡಿಯಬೇಕು.

ಆಕ್ಸಿಲರೇಟರಿನ ಬಗ್ಗೆಯೂ ಇಷ್ಟೇ ಕಾಳಜಿ ಬೇಕು. ಹಾಲ್ ಸೆನ್ಸರಿನ (ಅಯಸ್ಕಾಂತದ ಸ್ಥಾನವನ್ನು ಗುರುತಿಸುವ ಸಾಧನ) ಆಕ್ಸಿಲರೇಟರು ಬಿಟ್ಟಾಗ ಸುಮಾರು 0.8 ವೋಲ್ಟ್, ಪೂರ್ತಿ ತಿರುಗಿಸಿದಾಗ 4 ವೋಲ್ಟಿಗಿಂತ ಸ್ವಲ್ಪ ಮೇಲೆ ಸಂಕೇತ ಕೊಡುತ್ತದೆ. ಅದರ ಋಣ ವೈರು ತುಂಡಾದರೆ ಸಂಕೇತ 5 ವೋಲ್ಟಿನತ್ತ ಏರಿ, ಸಾಧಾರಣ ಕಂಟ್ರೋಲರು ಅದನ್ನು ಪೂರ್ಣ ವೇಗವೆಂದೇ ತಿಳಿಯಬಹುದು. ಮಿತಿ ಮೀರಿದ ಸಂಕೇತ ಬಂದಾಗ ಮೋಟಾರನ್ನು ನಿಲ್ಲಿಸುವ ಕಂಟ್ರೋಲರನ್ನೇ ಆರಿಸಿ, ಕೊಂಡ ಮೇಲೆ ಚಕ್ರವನ್ನು ಎತ್ತಿ ನಿಲ್ಲಿಸಿ ಆ ವೈರನ್ನು ಬೇಕೆಂದೇ ಬಿಚ್ಚಿ ಪರೀಕ್ಷಿಸಿ. ಬ್ರೇಕ್ ಲೀವರು ಹಿಡಿದಾಗ ಮತ್ತು ಸೈಡ್ ಸ್ಟ್ಯಾಂಡ್ ಇಳಿದಿದ್ದಾಗ ಮೋಟಾರು ತಿರುಗದಂತೆ ಸ್ವಿಚ್ಚುಗಳನ್ನು ಜೋಡಿಸಿ. ವಿದ್ಯುತ್ ಗಾಡಿ ನಿಂತಾಗ ಸದ್ದೇ ಇರುವುದಿಲ್ಲ, ಚಾಲೂ ಇದೆಯೋ ಇಲ್ಲವೋ ಎಂದು ಪಕ್ಕದಲ್ಲಿರುವ ಮಗುವಿಗೆ ತಿಳಿಯುವುದಿಲ್ಲ.

ಹಳೆಯ ಬೈಕಿನಲ್ಲಿ ಚಾಸಿಸ್ಸೇ 12 ವೋಲ್ಟಿನ ಋಣ ವೈರಿನ ಕೆಲಸ ಮಾಡುತ್ತಿರುತ್ತದೆ. ದೊಡ್ಡ ಬ್ಯಾಟರಿಯ ಎರಡು ತುದಿಗಳಲ್ಲಿ ಯಾವುದನ್ನೂ ಚಾಸಿಸ್ಸಿಗೆ ಸೇರಿಸಬೇಡಿ. ದೀಪ, ಹಾರ್ನು, ಇಂಡಿಕೇಟರುಗಳಿಗೆ ಒಳಹೊರಗಿನ ನಡುವೆ ಸಂಪರ್ಕವಿಲ್ಲದ, ಅಂದರೆ ಐಸೋಲೇಟೆಡ್ ಬಗೆಯ ಡಿಸಿ ಕನ್ವರ್ಟರ್ ಹಾಕಿ. ಆಗ ಎಲ್ಲಿಯಾದರೂ ಒಂದು ವೈರಿನ ಸಿಪ್ಪೆ ಸವೆದು ಚಾಸಿಸ್ಸಿಗೆ ತಾಗಿದರೂ ತಕ್ಷಣ ಶಾರ್ಟ್ ಆಗುವುದಿಲ್ಲ.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯಲು ವೋಲ್ಟ್ ಮೀಟರನ್ನು ನಂಬಬೇಡಿ. ಎಲ್‌ಎಫ್‌ಪಿ ಸೆಲ್ಲಿನ ಚಾರ್ಜು ಶೇ. 80ರಿಂದ 20ರವರೆಗೆ ಇಳಿಯುವಾಗ ವೋಲ್ಟೇಜು ಬದಲಾಗುವುದು 0.1 ವೋಲ್ಟಿನ ಆಸುಪಾಸು ಮಾತ್ರ. ಒಳಬಂದ ಮತ್ತು ಹೊರಹೋದ ಕರೆಂಟನ್ನು ಶಂಟ್ (ಕರೆಂಟು ಅಳೆಯಲು ಬಳಸುವ ಸಣ್ಣ ರೆಸಿಸ್ಟರ್) ಮೂಲಕ ಲೆಕ್ಕವಿಡುವ ಮೀಟರೇ ಬೇಕು. ಚಾರ್ಜರು 58.4 ವೋಲ್ಟಿನ ಎಲ್‌ಎಫ್‌ಪಿ ಚಾರ್ಜರೇ ಆಗಿರಲಿ, ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಸೆಲ್ಲನ್ನು ಎಂದೂ ಚಾರ್ಜ್ ಮಾಡಬೇಡಿ, ಹೊರಬಾಗಿಲಿನ ದಾರಿಗೆ ಅಡ್ಡವಾಗಿಟ್ಟು ಚಾರ್ಜಿಗೆ ಹಾಕಬೇಡಿ.

ಉತ್ತರ 4

ತಾಂತ್ರಿಕ ವಿಷಯಗಳನ್ನು ಬಲ್ಲವರು ಹೇಳಿದ್ದಾರೆ. ನಾನು ಕಾನೂನಿನ ಕಡೆಯಿಂದ ಒಂದೇ ಮಾತು ಸೇರಿಸುತ್ತೇನೆ. ನೋಂದಣಿಯಾದ ವಾಹನದ ಎಂಜಿನ್ ತೆಗೆದು ಮೋಟಾರು ಹಾಕುವುದು ಬಹುತೇಕ ದೇಶಗಳಲ್ಲಿ ವಾಹನದ ಸ್ವರೂಪವನ್ನೇ ಬದಲಿಸಿದಂತೆ. ತಪಾಸಣೆ ಮಾಡಿಸಿ ನೋಂದಣಿಯಲ್ಲಿ ತಿದ್ದುಪಡಿ ಪಡೆಯದೆ ಅದನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. ಕೆಲವೆಡೆ ಅನುಮೋದಿತ ಕಿಟ್‌ಗಳಿಗೆ ಮಾತ್ರ ಒಪ್ಪಿಗೆ ಸಿಗುತ್ತದೆ. ಆದ್ದರಿಂದ ಮೊದಲ ಬೋಲ್ಟನ್ನು ಬಿಚ್ಚುವ ಮುಂಚೆಯೇ ನಿಮ್ಮಲ್ಲಿನ ನಿಯಮವನ್ನು ಬರಹದಲ್ಲಿ ತಿಳಿದುಕೊಳ್ಳಿ, ವಿಮಾ ಕಂಪನಿಗೂ ತಿಳಿಸಿ. ವಿಮೆಯಿಲ್ಲದ ಗಾಡಿಯಿಂದ ಇನ್ನೊಬ್ಬರಿಗೆ ಪೆಟ್ಟಾದರೆ ನಿಮ್ಮ ವೆಲ್ಡಿಂಗ್ ಎಷ್ಟು ಚೆನ್ನಾಗಿತ್ತು ಎನ್ನುವುದು ಅವರಿಗೆ ನೆರವಾಗುವುದಿಲ್ಲ. ಸವಾರರು ಸೇರಿದ ಒಟ್ಟು ತೂಕವು ತಯಾರಕರು ಹೇಳಿರುವ ಗರಿಷ್ಠ ಭಾರವನ್ನು ಮೀರದಂತೆಯೂ ನೋಡಿಕೊಳ್ಳಿ, ಏಕೆಂದರೆ ಬ್ರೇಕುಗಳನ್ನು ಮಾಡಿರುವುದು ಆ ಭಾರಕ್ಕೆ.

ಉತ್ತರ 2ನ್ನು ಬರೆದವರಿಂದ

ಮೊದಲ ಚಾಲನೆಯ ಕ್ರಮವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕೆಲಸ ಮುಗಿದ ಉತ್ಸಾಹದಲ್ಲಿ ಎಲ್ಲರೂ ಅವಸರ ಮಾಡುವುದು ಅಲ್ಲಿಯೇ.

ಗಾಡಿಯನ್ನು ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚೈನು ಕಳಚಿ, ಕಂಟ್ರೋಲರಿನಲ್ಲಿ ಬ್ಯಾಟರಿ ಕರೆಂಟಿನ ಮಿತಿಯನ್ನು 10 ಅಥವಾ 15 ಆಂಪಿಯರಿಗೆ ಇಳಿಸಿ ಪರೀಕ್ಷೆ ಆರಂಭಿಸಿ. ಮೋಟಾರಿನಿಂದ ಮೂರು ದಪ್ಪ ವೈರುಗಳೂ ಹಾಲ್ ಸೆನ್ಸರಿನ ಮೂರು ಸಣ್ಣ ಸಂಕೇತ ವೈರುಗಳೂ ಬರುತ್ತವೆ. ಮೋಟಾರಿನ ಮತ್ತು ಕಂಟ್ರೋಲರಿನ ವೈರುಗಳ ಬಣ್ಣಗಳು ಒಂದೇ ಆಗಿದ್ದರೂ ಅವು ಹೊಂದಬೇಕೆಂದಿಲ್ಲ. ಇವುಗಳನ್ನು ಜೋಡಿಸುವ 36 ವಿಧಗಳಲ್ಲಿ ಮುಂದಕ್ಕೆ ಸರಿಯಾಗಿ ತಿರುಗಿಸುವವು ಮೂರು, ಹಿಂದಕ್ಕೆ ತಿರುಗಿಸುವವು ಮೂರು. ಉಳಿದವುಗಳಲ್ಲಿ ಮೋಟಾರು ಅದುರುತ್ತದೆ, ಗುರುಗುಟ್ಟುತ್ತದೆ, ಅಥವಾ ತಿರುಗಿದರೂ ಭಾರವಿಲ್ಲದೆಯೇ ಹೆಚ್ಚು ಕರೆಂಟು ಎಳೆಯುತ್ತದೆ. ತಿರುಗಿತೆಂದು ತೃಪ್ತರಾಗದೆ, ಭಾರವಿಲ್ಲದಾಗ ಎಳೆಯುವ ಕರೆಂಟನ್ನು ಮೋಟಾರಿನ ವಿವರಪತ್ರದೊಂದಿಗೆ ಹೋಲಿಸಿ ನೋಡಿ. ಈಗಿನ ಅನೇಕ ಕಂಟ್ರೋಲರುಗಳು ಸರಿಯಾದ ಜೋಡಣೆಯನ್ನು ತಾವೇ ಕಲಿಯುವ ವ್ಯವಸ್ಥೆ ಹೊಂದಿವೆ. ಅದಿದ್ದರೆ ಈ ತೊಂದರೆ ನಿಮಗಿಲ್ಲ.

ಬ್ರೇಕಿನಿಂದ ಬ್ಯಾಟರಿ ತುಂಬಿಸುವ ರೀಜನರೇಶನ್ ಸೌಲಭ್ಯವನ್ನು ಆರಂಭದಲ್ಲಿ ಆಫ್ ಮಾಡಿಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿಯೊಂದಿಗೆ ಇಳಿಜಾರಿನಲ್ಲಿ ಅದು ಕೆಲಸ ಮಾಡಿದರೆ ಬಿಎಂಎಸ್ ಮಿತಿ ಮೀರಿತೆಂದು ಸಂಪರ್ಕ ಕಡಿಯುತ್ತದೆ, ಆ ಕ್ಷಣದಲ್ಲಿ ಏರುವ ವೋಲ್ಟೇಜು ಕಂಟ್ರೋಲರನ್ನು ಸುಡಬಹುದು. ಮುಂದೆ ಆನ್ ಮಾಡುವಾಗಲೂ ಬ್ಯಾಟರಿ ತುಂಬಿರುವಾಗ ತಾನಾಗಿ ನಿಲ್ಲುವಂತೆ ಹೊಂದಿಸಿ.

ಇದೆಲ್ಲ ಸರಿಯಾದ ಮೇಲೆ, ಚೈನು ಹಾಕಿ, ವಾಹನ ಸಂಚಾರವಿಲ್ಲದ ಖಾಸಗಿ ಜಾಗದಲ್ಲಿ ನಿಧಾನವಾಗಿ ಓಡಿಸಿ. ಕೆಲವು ನಿಮಿಷ ಓಡಿಸಿ ನಿಲ್ಲಿಸಿದ ಕೂಡಲೇ ಮುಖ್ಯ ಸ್ವಿಚ್ಚು ತೆಗೆದು, ದಪ್ಪ ವೈರುಗಳ ತುದಿಗೆ ಒತ್ತಿ ಕೂರಿಸಿದ (ಕ್ರಿಂಪ್ ಮಾಡಿದ) ಒಂದೊಂದು ಲಗ್ಗಿನ ಉಷ್ಣತೆಯನ್ನೂ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿ ಬರೆದುಕೊಳ್ಳಿ. ಉಳಿದವುಗಳಿಗಿಂತ ಬಿಸಿಯಾಗಿರುವ ಲಗ್ಗು ಸರಿಯಾಗಿ ಕ್ರಿಂಪ್ ಆಗಿಲ್ಲ ಅಥವಾ ಅದರ ಬೋಲ್ಟು ಸಡಿಲವಾಗಿದೆ ಎಂದೇ ಅರ್ಥ. ಬೋಲ್ಟು ಸಡಿಲವಿದ್ದರೆ ಬಿಗಿಯಿರಿ, ಕ್ರಿಂಪ್ ಸರಿಯಿಲ್ಲದಿದ್ದರೆ ಲಗ್ಗನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ; ಬೆಸುಗೆ ಹಾಕಿ ಸರಿಪಡಿಸಲು ಮಾತ್ರ ಹೋಗಬೇಡಿ. ಹೊಸ ಬೋಲ್ಟುಗಳೂ ಚೈನೂ ಆರಂಭದಲ್ಲಿ ಸಡಿಲವಾಗುವುದು ಸಹಜ, ಆದ್ದರಿಂದ ಮೊದಲ ಕೆಲವು ನೂರು ಕಿಲೋಮೀಟರುಗಳವರೆಗೆ ಮೋಟಾರಿನ ಪ್ಲೇಟು, ಸ್ಪ್ರಾಕೆಟ್ಟು, ಬ್ಯಾಟರಿ ಪೆಟ್ಟಿಗೆ ಇವುಗಳ ಬೋಲ್ಟುಗಳಿಗೆ ಬಣ್ಣದ ಗೆರೆ ಎಳೆದಿಟ್ಟು, ಗೆರೆ ಸರಿದಿದೆಯೇ ಎಂದು ಪ್ರತಿ ಬಾರಿ ಹೊರಡುವ ಮೊದಲು ನೋಡಿಕೊಳ್ಳಿ.